ಎರಡು ‘ಸುರಕ್ಷಿತ’ ಔಷಧಿ ಬೆರೆಸಿ ಹೊಡೆದರೆ ಜೇನುನೊಣ ಸಾಯುವುದೇಕೆ?

ಪ್ರಶ್ನೆ: ನಮ್ಮ ಜೇನುಪೆಟ್ಟಿಗೆಗಳಿಂದ ಸ್ವಲ್ಪ ದೂರದಲ್ಲಿರುವ ಸಾಸಿವೆ ಹೊಲಕ್ಕೆ, ಹೂ ತುಂಬಿರುವಾಗಲೇ, ಬೆಳಗ್ಗೆ ಹತ್ತರ ಸುಮಾರಿಗೆ ಅಸಿಟಾಮಿಪ್ರಿಡ್ ಮತ್ತು ಪ್ರೊಪಿಕೊನಜೋಲ್ ಬೆರೆಸಿ ಸಿಂಪಡಿಸಿದರು. ಮೊದಲನೆಯದು ಜೇನಿಗೆ ಅಷ್ಟೇನೂ ಅಪಾಯವಿಲ್ಲದ ಕೀಟನಾಶಕ, ಎರಡನೆಯದು ಬರೀ ಶಿಲೀಂಧ್ರನಾಶಕ ಎಂದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳ ಮುಂದೆ ನೊಣಗಳು ನಡುಗುತ್ತಾ, ನಾಲಗೆ ಚಾಚಿ ಬಿದ್ದಿದ್ದವು. ಹೊರಗೆ ಹೋದ ಎಷ್ಟೋ ನೊಣ ಮರಳಲೇ ಇಲ್ಲ. ಎರಡೂ ಸುರಕ್ಷಿತವಾಗಿದ್ದರೆ ಹೀಗೇಕಾಯಿತು? ವಿಷವೇ ಕಾರಣ ಎಂದು ತಿಳಿಯುವುದು ಹೇಗೆ? ಉಳಿದ ಕುಟುಂಬಗಳನ್ನು ಉಳಿಸಿಕೊಳ್ಳಲು ಏನು ಮಾಡಬೇಕು?

ಉತ್ತರ: ವಿವರಣೆಗೆ ಮೊದಲು ಒಂದು ತುರ್ತು ಕೆಲಸ ಹೇಳಿಬಿಡುತ್ತೇನೆ, ಯಾಕೆಂದರೆ ಬಿಸಿಲಿಗೆ ಬಿದ್ದ ನೊಣದಲ್ಲಿ ವಿಷದ ಅಂಶ ಬೇಗ ಒಡೆದುಹೋಗುತ್ತದೆ. ಈಗ ಸಾಯುತ್ತಿರುವ ಅಥವಾ ಇವತ್ತೇ ಸತ್ತ, ಮೈ ಇನ್ನೂ ಮೆತ್ತಗಿರುವ ನೊಣಗಳನ್ನು ಆರಿಸಿ. ಒಂದು ಕೆಲಸಗಾರ ನೊಣ ಸುಮಾರು 0.1 ಗ್ರಾಂ ತೂಗುತ್ತದೆ. ಪರೀಕ್ಷೆಗೆ 50 ಗ್ರಾಂ, ಅಂದರೆ ಐನೂರರಷ್ಟು ನೊಣ ಇದ್ದರೆ ಒಳ್ಳೆಯದು. ಶುಚಿಯಾದ ಗಾಜಿನ ಬಾಟಲಿಗೆ ಹಾಕಿ, ಇಲ್ಲವೇ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಹೊಸ ಪರಾಗ ತುಂಬಿದ ಎರಿಯ ಒಂದು ಅಂಗೈಯಗಲದ ತುಂಡು ಬೇರೆ ಪೊಟ್ಟಣದಲ್ಲಿ, ಸಿಂಪಡಿಸಿದ ಹೊಲದ ಒಂದು ಹಿಡಿ ಹೂ ಮತ್ತೊಂದು ಪೊಟ್ಟಣದಲ್ಲಿ ಇರಲಿ. ಪ್ರತಿಯೊಂದರ ಮೇಲೂ ದಿನಾಂಕ, ಗಂಟೆ, ಪೆಟ್ಟಿಗೆ ಸಂಖ್ಯೆ ಬರೆಯಿರಿ. ಇದನ್ನು ಮುಗಿಸಿ ಮುಂದೆ ಓದಿ.

ನಿಮಗೆ ಹೇಳಿದ ಮಾತು ಸುಳ್ಳಲ್ಲ. ಔಷಧಿ ಜೇನಿಗೆ ಎಷ್ಟು ಅಪಾಯ ಎಂದು ನಿರ್ಧರಿಸುವಾಗ ಪ್ರಯೋಗಾಲಯದಲ್ಲಿ ಒಂದು ನೊಣಕ್ಕೆ ಒಂದೇ ರಾಸಾಯನಿಕವನ್ನು ಹಚ್ಚಿ ಅಥವಾ ತಿನ್ನಿಸಿ, ಸಾಮಾನ್ಯವಾಗಿ 48 ಗಂಟೆಯೊಳಗೆ ಅರ್ಧದಷ್ಟು ನೊಣ ಸಾಯುವ ಪ್ರಮಾಣ ಯಾವುದೆಂದು ನೋಡುತ್ತಾರೆ. ಇದನ್ನು ಎಲ್‌ಡಿ50 ಎನ್ನುತ್ತಾರೆ. ಅಮೆರಿಕದ ವಿಂಗಡಣೆಯಂತೆ ಈ ಪ್ರಮಾಣ ಒಂದು ನೊಣಕ್ಕೆ 2 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ವಿಷ, 2ರಿಂದ 11ರ ನಡುವೆ ಇದ್ದರೆ ಮಧ್ಯಮ, ಅದಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ನಿರಪಾಯ. ಮೈಗೆ ಹಚ್ಚಿದಾಗ ಅಸಿಟಾಮಿಪ್ರಿಡ್‌ನ ಎಲ್‌ಡಿ50 ಸುಮಾರು 7 ಮೈಕ್ರೊಗ್ರಾಂ. ಅದೇ ಗುಂಪಿನ ಇಮಿಡಾಕ್ಲೋಪ್ರಿಡ್‌ನದು ಸುಮಾರು 18 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಮೈಕ್ರೊಗ್ರಾಂನ ಸಾವಿರದಲ್ಲಿ ಒಂದು ಭಾಗ. ಹಾಗಾಗಿ ಒಂದೇ ಕುಲದ ಎರಡು ಔಷಧಿಗಳ ನಡುವೆ ಸುಮಾರು ನಾನೂರು ಪಟ್ಟು ಅಂತರವಿದೆ. ಈ ಅಂತರ ಎಲ್ಲಿಂದ ಬಂತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಅಸಿಟಾಮಿಪ್ರಿಡ್, ಇಮಿಡಾಕ್ಲೋಪ್ರಿಡ್ ಎರಡೂ ಹೊಡೆಯುವ ಜಾಗ ಒಂದೇ. ನೊಣದ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದು ಎದುರಿನ ಕೋಶದಲ್ಲಿ ಸುದ್ದಿ ಹಿಡಿಯುವ ‘ನಿಕೋಟಿನಿಕ್ ಗ್ರಾಹಕ’ಕ್ಕೆ ಅಂಟಿ ಬಾಗಿಲು ತೆರೆಯುತ್ತದೆ. ಮರುಕ್ಷಣವೇ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಇವೆರಡೂ ಸೇರಿದ ನಿಯೋನಿಕೊಟಿನಾಯ್ಡ್ ಗುಂಪಿನ ಕೀಟನಾಶಕಗಳು ಅದೇ ಗ್ರಾಹಕದಲ್ಲಿ ಹೋಗಿ ಕೂರುತ್ತವೆ, ಆದರೆ ಆ ಕಿಣ್ವಕ್ಕೆ ಅವನ್ನು ಕತ್ತರಿಸಲು ಬರುವುದಿಲ್ಲ. ಬಾಗಿಲು ತೆರೆದೇ ಉಳಿದು ನರ ಮಿಡಿಯುತ್ತಲೇ ಇರುತ್ತದೆ. ನೀವು ಕಂಡ ನಡುಕ ಅದೇ. ಡೈಮಿಥೋಯೇಟ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ಬೇರೆ ದಾರಿ ಹಿಡಿದು ಕತ್ತರಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸಾಯುವ ರೀತಿ ಎರಡರಲ್ಲೂ ಒಂದನ್ನೊಂದು ಹೋಲುವುದಕ್ಕೆ ಇದೇ ಕಾರಣ.

ಸಾಯುವಷ್ಟು ವಿಷ ತಗಲದಿದ್ದರೂ ನೊಣ ಮನೆಗೆ ಬಾರದೇ ಇರಬಹುದು. ವಾಸನೆ ಮತ್ತು ದಾರಿಯ ನೆನಪು ನೊಣದ ಮಿದುಳಿನಲ್ಲಿ ಅಣಬೆಯಾಕಾರದ ಎರಡು ಭಾಗಗಳನ್ನು ನೆಚ್ಚಿಕೊಂಡಿದೆ, ಅಲ್ಲಿ ಈ ಗ್ರಾಹಕಗಳು ದಟ್ಟವಾಗಿವೆ. 2012ರಲ್ಲಿ ಫ್ರಾನ್ಸಿನ ಸಂಶೋಧಕರು ನೊಣಗಳ ಬೆನ್ನಿಗೆ ಪುಟ್ಟ ರೇಡಿಯೊ ಬಿಲ್ಲೆ ಅಂಟಿಸಿ, ಅದೇ ಗುಂಪಿನ ಥಯಾಮೆಥೊಕ್ಸಾಮ್ ಅನ್ನು ಸುಮಾರು 1.34 ನ್ಯಾನೊಗ್ರಾಂನಷ್ಟು ಪಾಕದಲ್ಲಿ ಕುಡಿಸಿ ಬಿಟ್ಟರು. ಕುಡಿಸಿದರೆ ಸಾಯುವ ಪ್ರಮಾಣ ಸುಮಾರು 5 ನ್ಯಾನೊಗ್ರಾಂ, ಕೊಟ್ಟದ್ದು ಅದರ ಕಾಲುಭಾಗದಷ್ಟು ಮಾತ್ರ. ಆದರೂ ಮರಳದೇ ಹೋದ ನೊಣಗಳ ಪ್ರಮಾಣ ಗಮನಾರ್ಹವಾಗಿ ಹೆಚ್ಚಿತು. ಪೆಟ್ಟಿಗೆಯ ಮುಂದೆ ಹೆಣ ಬೀಳದೆಯೇ ಕುಟುಂಬ ಸೊರಗುವ ಬಗೆ ಇದು. ರೈತರು ‘ಸತ್ತ ನೊಣವೇ ಇಲ್ಲವಲ್ಲ’ ಎನ್ನುವುದೂ, ಜೇನು ಸಾಕುವವರು ‘ನೊಣವೇ ಇಲ್ಲವಲ್ಲ’ ಎನ್ನುವುದೂ ಎರಡೂ ನಿಜವಾಗಿರುತ್ತದೆ.

ಗ್ರಾಹಕಕ್ಕೆ ಅಂಟುವ ಬಿಗಿಯಿಂದ ಆ ನಾನೂರು ಪಟ್ಟು ಅಂತರ ಬಂದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಇದೇ ಗುಂಪಿನ, ಜೇನಿಗೆ ಸೌಮ್ಯ ಎನಿಸಿಕೊಂಡ ಥಯಾಕ್ಲೋಪ್ರಿಡ್ ನೊಣದ ಗ್ರಾಹಕಕ್ಕೆ ಇಮಿಡಾಕ್ಲೋಪ್ರಿಡ್‌ನಷ್ಟೇ ಬಿಗಿಯಾಗಿ ಅಂಟುತ್ತದೆ. ಆದರೆ ಅಲ್ಲಿಗೆ ತಲುಪುವ ಮೊದಲೇ ಅದರ ಬಹುಪಾಲು ಒಡೆದುಹೋಗಿರುತ್ತದೆ. ಒಡೆಯುವ ಕೆಲಸ ಮಾಡುವುದು ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪು, ಅದರಲ್ಲೂ ಮುಖ್ಯವಾಗಿ ಸಿವೈಪಿ9ಕ್ಯೂ3 ಎಂಬುದು, ಎಂದು 2018ರಲ್ಲಿ ಗೊತ್ತಾಯಿತು. ಅಸಿಟಾಮಿಪ್ರಿಡ್, ಥಯಾಕ್ಲೋಪ್ರಿಡ್‌ಗಳ ಅಣುವಿನಲ್ಲಿ ಸಯಾನೊ ಎಂಬ ಪರಮಾಣು ಗುಂಪಿದೆ. ಇಮಿಡಾಕ್ಲೋಪ್ರಿಡ್, ಕ್ಲೋಥಯಾನಿಡಿನ್, ಥಯಾಮೆಥೊಕ್ಸಾಮ್‌ಗಳಲ್ಲಿ ನೈಟ್ರೊ ಗುಂಪಿದೆ. ಮೊದಲಿನವನ್ನು ಈ ಕಿಣ್ವಗಳು ಸಲೀಸಾಗಿ ಒಡೆಯುತ್ತವೆ, ಎರಡನೆಯವನ್ನು ಅಷ್ಟು ಚುರುಕಾಗಿ ಒಡೆಯಲಾರವು. ಸಾಲದ್ದಕ್ಕೆ ಇಮಿಡಾಕ್ಲೋಪ್ರಿಡ್ ಒಡೆದಾಗ ಹುಟ್ಟುವ ಓಲಿಫಿನ್ ರೂಪವೂ ವಿಷವೇ.

ಹಾಗಾಗಿ ‘ಅಸಿಟಾಮಿಪ್ರಿಡ್ ಸೌಮ್ಯ’ ಎಂಬ ಮಾತಿಗೆ ಒಂದು ಷರತ್ತಿದೆ: ನೊಣದ ಪಿ450 ಕಿಣ್ವಗಳು ಸರಿಯಾಗಿ ಕೆಲಸ ಮಾಡುತ್ತಿರಬೇಕು. ನೊಣಕ್ಕೆ ಇಂಥ ಕಿಣ್ವಗಳು ಮೊದಲೇ ಕಡಿಮೆ. 2006ರಲ್ಲಿ ಜೇನುನೊಣದ ಜೀನೋಮ್ ಓದಿ ಮುಗಿಸಿದಾಗ ಕಂಡದ್ದು 46 ಪಿ450 ಜೀನ್‌ಗಳು. ಹಣ್ಣಿನ ನೊಣದಲ್ಲಿ ಸುಮಾರು 85, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯಲ್ಲಿ ನೂರಕ್ಕೂ ಹೆಚ್ಚು. ವಿಷವನ್ನು ನಿಭಾಯಿಸುವ ಉಳಿದೆರಡು ಕಿಣ್ವ ಕುಟುಂಬಗಳಲ್ಲೂ ಜೇನುನೊಣ ಹಿಂದೆಯೇ. ಎಲೆ ಜಗಿಯುವ ಹುಳು ಗಿಡದ ವಿಷದೊಂದಿಗೆ ದಿನವೂ ಸೆಣಸಬೇಕು. ಹೂವಾದರೋ ನೊಣವನ್ನು ಕರೆದು ಉಣಿಸುತ್ತದೆ.

ಈಗ ನಿಮ್ಮ ಎರಡನೆಯ ಔಷಧಿಗೆ ಬರೋಣ. ಪಿ450 ಕಿಣ್ವದ ನಡುಮಧ್ಯೆ ಒಂದು ಕಬ್ಬಿಣದ ಪರಮಾಣು ಇರುತ್ತದೆ, ಆಮ್ಲಜನಕ ಬಂದು ಕೂತು ವಿಷವನ್ನು ಒಡೆಯುವುದು ಅಲ್ಲೇ. ಪ್ರೊಪಿಕೊನಜೋಲ್, ಟೆಬುಕೊನಜೋಲ್, ಪ್ರೊಕ್ಲೋರಾಜ್‌ನಂಥ ಅಜೋಲ್ ಗುಂಪಿನ ಶಿಲೀಂಧ್ರನಾಶಕಗಳ ಸಾರಜನಕ ನೇರವಾಗಿ ಆ ಕಬ್ಬಿಣಕ್ಕೇ ಅಂಟಿಕೊಳ್ಳುತ್ತದೆ. ಇದು ಆಕಸ್ಮಿಕವಲ್ಲ, ಅವುಗಳನ್ನು ರೂಪಿಸಿರುವುದೇ ಹಾಗೆ. ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸಲು ಸಿವೈಪಿ51 ಎಂಬ ಕಿಣ್ವವನ್ನು ಬಳಸುತ್ತದೆ, ಅದೂ ಒಂದು ಪಿ450. ಅಜೋಲ್ ಅದನ್ನು ಮುಚ್ಚಿ ಶಿಲೀಂಧ್ರವನ್ನು ಕೊಲ್ಲುತ್ತದೆ. ಕೀಟಗಳಲ್ಲಿ ಸಿವೈಪಿ51 ಇಲ್ಲ, ತಮಗೆ ಬೇಕಾದ ಸ್ಟೆರಾಲನ್ನು ಅವು ಆಹಾರದಿಂದಲೇ ಪಡೆಯುತ್ತವೆ. ಆದ್ದರಿಂದ ಅಜೋಲ್ ಒಂದನ್ನೇ ಕೊಟ್ಟು ಪರೀಕ್ಷಿಸಿದರೆ ನೊಣ ಸಾಯುವುದಿಲ್ಲ, ಚೀಟಿಯ ಮೇಲೆ ನಿರಪಾಯ ಎಂದೇ ಬರುತ್ತದೆ. ಆದರೆ ವಿಷ ಒಡೆಯುವ ಪಿ450ಗಳು ಆಗ ಮುಚ್ಚಿಹೋಗಿರುತ್ತವೆ, ಪರೀಕ್ಷೆಯಲ್ಲಿ ಬೇರೆ ವಿಷ ಇಲ್ಲದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಅಳೆದು ತೋರಿಸಿತು. ಮೊದಲು ಪ್ರೊಪಿಕೊನಜೋಲ್ ಹಚ್ಚಿದ ನೊಣಗಳಿಗೆ ಅಸಿಟಾಮಿಪ್ರಿಡ್‌ನ ವಿಷತ್ವ 105 ಪಟ್ಟು ಏರಿತು, ಥಯಾಕ್ಲೋಪ್ರಿಡ್‌ನದು 559 ಪಟ್ಟು. ಮತ್ತೊಂದು ಅಜೋಲ್ ಆದ ಟ್ರೈಫ್ಲುಮಿಜೋಲ್ ಜೊತೆ ಥಯಾಕ್ಲೋಪ್ರಿಡ್ 1,141 ಪಟ್ಟು ಏರಿತು. ಇಮಿಡಾಕ್ಲೋಪ್ರಿಡ್ ಮಾತ್ರ ಎರಡು ಪಟ್ಟೂ ಏರಲಿಲ್ಲ. ಒಡೆಯುವ ಕೆಲಸವೇ ಅಷ್ಟಾಗಿ ನಡೆಯದ ಕಡೆ ಅದನ್ನು ನಿಲ್ಲಿಸಿದರೆ ವ್ಯತ್ಯಾಸವೂ ಅಷ್ಟಕ್ಕಷ್ಟೆ.

ಈ ಅಂಕಿಗಳನ್ನು ಹಿಡಿದು ಪಕ್ಕದ ಹೊಲದವರ ಬಳಿ ಜಗಳಕ್ಕೆ ಹೋಗಬೇಡಿ, ಲೆಕ್ಕ ಇನ್ನೂ ಬಾಕಿಯಿದೆ. ಸಿಂಪರಣೆಯ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಸಿಟಾಮಿಪ್ರಿಡ್, 250 ಮಿಲಿಗ್ರಾಂ ಪ್ರೊಪಿಕೊನಜೋಲ್ ಇತ್ತು ಎಂದಿಟ್ಟುಕೊಳ್ಳಿ. ಹೂವಿನ ಮೇಲಿದ್ದ ನೊಣ 5 ಮೈಕ್ರೊಲೀಟರಿನಷ್ಟು ತೊಯ್ದರೆ ಅದಕ್ಕೆ ಸಿಕ್ಕುವುದು 200 ನ್ಯಾನೊಗ್ರಾಂ ಅಸಿಟಾಮಿಪ್ರಿಡ್. ಏಳು ಮೈಕ್ರೊಗ್ರಾಂ ಎದುರು ಇದು ಮೂವತ್ತೈದರಲ್ಲಿ ಒಂದು ಪಾಲು, ನೊಣ ಬದುಕಬೇಕು. ವಿಷತ್ವ 105 ಪಟ್ಟು ಏರಿದ್ದರೆ 67 ನ್ಯಾನೊಗ್ರಾಮೇ ಸಾಕು, ನೊಣ ಖಂಡಿತ ಉಳಿಯದು. ಆದರೆ ಪ್ರಯೋಗದಲ್ಲಿ ಒಂದೊಂದು ನೊಣಕ್ಕೆ ಹಚ್ಚಿದ ಶಿಲೀಂಧ್ರನಾಶಕ 10 ಮೈಕ್ರೊಗ್ರಾಂ. ನಮ್ಮ ತೊಯ್ದ ನೊಣಕ್ಕೆ ಬಿದ್ದದ್ದು 1.25 ಮೈಕ್ರೊಗ್ರಾಂ ಮಾತ್ರ. ಅಷ್ಟಕ್ಕೆ ನೂರು ಪಟ್ಟು ಏರಲಿಕ್ಕಿಲ್ಲ. ಹತ್ತೋ ಇಪ್ಪತ್ತೋ ಪಟ್ಟು ಏರಿದರೆ ಕೆಲವು ಸಾಯುತ್ತವೆ, ಹಲವು ದಾರಿ ತಪ್ಪುತ್ತವೆ.

ನನ್ನ ಅಂದಾಜು ಹೀಗಿದೆ. ಮರಳದೇ ಹೋದ ನೊಣಗಳಿಗೆ ಈ ಮಿಶ್ರಣ, ಅದರಲ್ಲೂ ಹತ್ತು ಗಂಟೆಯ ಸಿಂಪರಣೆ, ಸಾಕಷ್ಟು ಕಾರಣವಾಗಬಲ್ಲದು. ಆದರೆ ಮಧ್ಯಾಹ್ನಕ್ಕೇ ಪೆಟ್ಟಿಗೆ ಮುಂದೆ ರಾಶಿ ಬಿದ್ದಿದ್ದರೆ ಮೂರನೆಯ ವಸ್ತು ಇತ್ತೇ ಎಂದು ಕೇಳಲೇಬೇಕು. ಅಂಟುದ್ರವ ಬೆರೆಸಿದ್ದರೇ? ಹಿಂದಿನ ಸಲ ಟ್ಯಾಂಕಿನಲ್ಲಿ ಏನಿತ್ತು? ಫಿಪ್ರೊನಿಲ್‌ನ ಮಾರಕ ಪ್ರಮಾಣ ನೊಣಕ್ಕೆ ಕೆಲವೇ ನ್ಯಾನೊಗ್ರಾಂ. ಅಂಥದ್ದನ್ನು ಹಾಕಿದ್ದ ಟ್ಯಾಂಕನ್ನು ಸರಿಯಾಗಿ ತೊಳೆಯದಿದ್ದರೆ ಉಳಿದ ಗಸಿಯೇ ಸಾಕಾಗುತ್ತದೆ. ಪ್ರಯೋಗಾಲಯಕ್ಕೆ ಕಳಿಸುವಾಗ ಎರಡೇ ಹೆಸರು ಬರೆದು ‘ಇವು ಇವೆಯೇ ನೋಡಿ’ ಎನ್ನಬೇಡಿ, ಹಲವು ಔಷಧಿಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆಯನ್ನೇ ಕೇಳಿ. ‘ಏನೂ ಸಿಗಲಿಲ್ಲ’ ಎಂದು ವರದಿ ಬಂದರೂ ವಿಷ ಇರಲಿಲ್ಲ ಎಂದು ಅರ್ಥವಲ್ಲ. ಕೆಲವು ಔಷಧಿಗಳು ನೊಣದ ಮೈಯಲ್ಲಿ ಕೆಲವೇ ಗಂಟೆಗಳಲ್ಲಿ ಒಡೆಯುತ್ತವೆ.

ವಿಷವೋ ರೋಗವೋ ಎಂದು ಕಣ್ಣಿನಿಂದಲೇ ಎಷ್ಟು ಗುರುತಿಸಬಹುದು? ಬಲವಾದ ಕುಟುಂಬದ ಮುಂದೆ ದಿನಕ್ಕೆ ನೂರರವರೆಗೆ ಸತ್ತ ನೊಣ ಬೀಳುವುದು ಸಹಜ. ಸಾವಿರ ದಾಟಿದರೆ ದೊಡ್ಡ ಹೊಡೆತ. ಚಾಚಿದ ನಾಲಗೆಯೊಂದನ್ನೇ ನಂಬಬೇಡಿ, ಹಸಿವಿನಿಂದಲೋ ಸೆಕೆಗೆ ಉಸಿರುಕಟ್ಟಿಯೋ ಸತ್ತ ನೊಣದ ನಾಲಗೆಯೂ ಹೊರಬಂದಿರುತ್ತದೆ. ಹಸಿವಿನಿಂದ ಸತ್ತವು ಖಾಲಿ ಕೋಣೆಗಳೊಳಗೆ ತಲೆ ಹುದುಗಿಸಿಕೊಂಡಿರುತ್ತವೆ, ಎರಿಯಲ್ಲಿ ಜೇನು ಇರುವುದಿಲ್ಲ. ಪಾರ್ಶ್ವವಾಯು ವೈರಸ್ ತಗಲಿದವೂ ನಡುಗುತ್ತವೆ, ಆದರೆ ಮೈಮೇಲಿನ ಕೂದಲು ಉದುರಿ ಕಪ್ಪಗೆ ಹೊಳೆಯುತ್ತವೆ, ಸಾವು ವಾರಗಟ್ಟಲೆ ಹರಡಿಕೊಂಡಿರುತ್ತದೆ. ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ದಿನ, ಬಲವಾದ ಕುಟುಂಬಗಳಲ್ಲೇ ಹೆಚ್ಚು, ಕಾಲಿನಲ್ಲಿ ಪರಾಗದ ಉಂಡೆ ಹೊತ್ತ ನೊಣಗಳೇ ಸತ್ತಿದ್ದರೆ ಅದು ಬಹುತೇಕ ವಿಷವೇ. ನುಂಗಿದ್ದನ್ನು ಕಕ್ಕಿ ಮೈ ಒದ್ದೆಯಾಗಿ ಅಂಟಂಟಾಗಿದ್ದರೆ ಆರ್ಗನೋಫಾಸ್ಫೇಟ್ ಇರಬಹುದು. ದೊಡ್ಡ ನೊಣ ಆರೋಗ್ಯವಾಗಿದ್ದು ಎರಡು ಮೂರು ವಾರ ಮರಿಹುಳು, ಅರೆಬೆಳೆದ ಗೂಡುಹುಳುಗಳನ್ನು ಹೊರಗೆಸೆಯುತ್ತಿದ್ದರೆ ನೊವಲ್ಯುರಾನ್, ಪೈರಿಪ್ರಾಕ್ಸಿಫೆನ್‌ನಂಥ ಬೆಳವಣಿಗೆ ತಡೆಯುವ ಔಷಧಿಯನ್ನು ಶಂಕಿಸಿ.

ಇನ್ನು ಉಳಿದ ಕುಟುಂಬಗಳ ವಿಷಯ. ಇದಕ್ಕೆ ಪ್ರತಿವಿಷ ಇಲ್ಲ. ಪೆಟ್ಟಿಗೆಗೆ ಸಿಂಪಡಿಸಿ, ಪಾಕಕ್ಕೆ ಬೆರೆಸಿ ಎಂದು ಯಾರಾದರೂ ಏನನ್ನಾದರೂ ಮಾರಲು ಬಂದರೆ ಕೊಳ್ಳಬೇಡಿ. ಮಾಡಬೇಕಾದದ್ದು ಒಳಗಿನ ನೊಣಗಳನ್ನು ಒಳಗೇ ಇರಿಸಿಕೊಳ್ಳುವ ಕೆಲಸ. ಹೊರಗೆ ದುಡಿಯುವ ವಯಸ್ಸಾದ ನೊಣಗಳು ಎಥೈಲ್ ಓಲಿಯೇಟ್ ಎಂಬ ವಸ್ತುವನ್ನು ಎಳೆಯ ನೊಣಗಳಿಗೆ ಹಂಚುತ್ತವೆ, ಅದು ಎಳೆಯವು ಬೇಗ ಹೊರಬೀಳದಂತೆ ತಡೆಯುತ್ತದೆ. ದುಡಿಯುವ ನೊಣಗಳು ಒಮ್ಮೆಲೇ ಸತ್ತಾಗ ಆ ತಡೆ ಸಡಿಲಾಗುತ್ತದೆ. ಮರಿಗಳನ್ನು ಸಾಕುವ ಎಳೆಯ ದಾದಿ ನೊಣಗಳ ರಕ್ತದಲ್ಲಿ ಹೊರಗೆ ದುಡಿಯಲು ಹಚ್ಚುವ ಜುವೆನೈಲ್ ಹಾರ್ಮೋನ್ ಏರುತ್ತದೆ, ವಿಟೆಲೊಜೆನಿನ್ ಎಂಬ ಪ್ರೋಟೀನ್ ಇಳಿಯುತ್ತದೆ, ಮರಿಗಳಿಗೆ ಹಾಲುಣಿಸುವ ಗ್ರಂಥಿಗಳು ಕುಗ್ಗುತ್ತವೆ. ಅವು ವಯಸ್ಸಿಗೆ ಮುಂಚೆ ಹಾರಲು ಹೊರಟು ಹೊರಗೆ ಸಾಯುತ್ತವೆ, ಒಳಗೆ ಮರಿಗಳು ಹಸಿವಿನಿಂದಲೋ ಚಳಿಯಿಂದಲೋ ಸಾಯುತ್ತವೆ. ವಿಷ ತಗಲಿ ಹತ್ತು ದಿನದ ಮೇಲೆ ಕುಟುಂಬ ಕುಸಿಯುವುದು ಹೆಚ್ಚಾಗಿ ಈ ಎರಡನೆಯ ಹೊಡೆತದಿಂದ.

ಆದ್ದರಿಂದ ಇವತ್ತು ಸಂಜೆಯೇ ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಕರಗಿಸಿ, ಮಧ್ಯಮ ಕುಟುಂಬಕ್ಕೆ ಅರ್ಧ ಲೀಟರಿನಂತೆ ಪೆಟ್ಟಿಗೆಯೊಳಗೇ ಕೊಡಿ. ಹಗಲಿನಲ್ಲಿ ಕೊಟ್ಟರೆ ಬೇರೆ ಕುಟುಂಬಗಳು ಲೂಟಿಗೆ ಬರುತ್ತವೆ, ದುರ್ಬಲವಾದ ಪೆಟ್ಟಿಗೆ ತಡೆದುಕೊಳ್ಳಲಾರದು. ಬಾಗಿಲನ್ನು ಎರಡು ಮೂರು ನೊಣ ಹಾಯುವಷ್ಟಕ್ಕೆ ಕಿರಿದು ಮಾಡಿ. ಪಕ್ಕದಲ್ಲೇ ಶುದ್ಧ ನೀರಿಡಿ. ಸಿಂಪಡಿಸಿದ ದಿನ ಮತ್ತು ಮರುದಿನ ಬಂದ ಪರಾಗ ತುಂಬಿದ ಎರಿಗಳನ್ನು ತೆಗೆದುಬಿಡಿ. ಮರಿಗಳಿಗೆ ಹಾಲು ತಯಾರಿಸುವ ದಾದಿ ನೊಣ ದಿನಕ್ಕೆ ಸುಮಾರು 10 ಮಿಲಿಗ್ರಾಂ ಪರಾಗ ತಿನ್ನುತ್ತದೆ, ಹಾಗಾಗಿ ಪರಾಗದಲ್ಲಿ ಉಳಿದ ವಿಷ ಮೊದಲು ಹೊಡೆಯುವುದು ಅದನ್ನೇ. ತೆಗೆದ ಎರಿಯನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ, ಕೋಣೆಗಳಿಂದ ಪರಾಗವನ್ನು ಕೊಡವಿ ತೊಳೆದು ಒಣಗಿಸಿದರೆ ಮತ್ತೆ ಬಳಸಬಹುದು. ಅದರ ಜಾಗಕ್ಕೆ ವಿಷ ತಗಲದ, ರೋಗವಿಲ್ಲದ ಕುಟುಂಬದಿಂದ ಪರಾಗದ ಎರಿಯನ್ನೋ ಪರಾಗ ಬೆರೆಸಿದ ಉಂಡೆಯನ್ನೋ ಕೊಡಿ.

ಬರೀ ಸಕ್ಕರೆ ಸಾಕಾಗುವುದಿಲ್ಲ, ಇದಕ್ಕೂ ರಸಾಯನಶಾಸ್ತ್ರದ ಕಾರಣವಿದೆ. ಪರಾಗದ ಗೋಡೆಯಲ್ಲೂ ಜೇನುತುಪ್ಪದಲ್ಲೂ ಪಿ-ಕೌಮಾರಿಕ್ ಆಮ್ಲ ಎಂಬ ವಸ್ತು ಇರುತ್ತದೆ. ಅದನ್ನು ತಿಂದ ನೊಣದಲ್ಲಿ ವಿಷ ಒಡೆಯುವ ಪಿ450 ಜೀನ್‌ಗಳು ಚುರುಕಾಗುತ್ತವೆ ಎಂದು 2013ರ ಸಂಶೋಧನೆ ತೋರಿಸಿದೆ. ಸಕ್ಕರೆ ಪಾಕದಲ್ಲಿ ಅದಿಲ್ಲ. ಆ ಕುಟುಂಬದ್ದೇ ಹಳೆಯ, ಸಿಂಪರಣೆಗೆ ಮೊದಲೇ ಮುಚ್ಚಳ ಹಾಕಿದ್ದ ಜೇನು ಇದ್ದರೆ ಅದನ್ನು ಅವಕ್ಕೇ ಬಿಡಿ. ಬೇರೆಡೆಯಿಂದ ಕೊಂಡ ಜೇನುತುಪ್ಪ ಮಾತ್ರ ಬೇಡ, ಅದರಲ್ಲಿ ಮರಿಗೊಳೆ ರೋಗದ ಬೀಜಕಣಗಳು ಇರಬಹುದು.

ಇದೇ ಹೊತ್ತಿನಲ್ಲಿ ನುಸಿಗೆಂದು ಟೌ-ಫ್ಲುವಾಲಿನೇಟ್ ಅಥವಾ ಕೌಮಾಫಾಸ್ ಪಟ್ಟಿ ತೂಗುಹಾಕಬೇಡಿ. ನೊಣ ಅವೆರಡನ್ನೂ ಒಡೆಯುವುದು ಸಿವೈಪಿ9ಕ್ಯೂ ಕಿಣ್ವಗಳಿಂದಲೇ, ಈಗ ಆ ಕಿಣ್ವಗಳ ಮೇಲೆಯೇ ಅಜೋಲ್ ಕೂತಿದೆ. ಆಗಲೇ ತೂಗುಹಾಕಿದ್ದರೆ ತೆಗೆಯಿರಿ. ಇಂಥ ಕೊಬ್ಬಿನಲ್ಲಿ ಕರಗುವ ಔಷಧಿಗಳು ಮೇಣದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಕಪ್ಪಾದ ಹಳೆಯ ಎರಿಗಳನ್ನು ಕಾಲಕಾಲಕ್ಕೆ ಬದಲಿಸಬೇಕೆನ್ನುವುದು ಅದಕ್ಕೇ. ಮೂರು ನಾಲ್ಕು ದಿನದ ಮೇಲೆ ಎರಿಯಲ್ಲಿ ಹೊಸ ಮೊಟ್ಟೆಗಳಿವೆಯೇ ನೋಡಿ. ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ, ಆದ್ದರಿಂದ ನಿಂತಿರುವ ಮೊಟ್ಟೆ ಕಂಡರೆ ರಾಣಿ ಬದುಕಿದ್ದಾಳೆ ಎಂದೇ ಲೆಕ್ಕ. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು ಮೂರು ವಾರ, ಅದು ಮೇವಿಗೆ ಹಾರಲು ಇನ್ನೂ ಎರಡು ಮೂರು ವಾರ ಬೇಕು. ಮರಿಗಳನ್ನು ಮುಚ್ಚುವಷ್ಟೂ ನೊಣ ಉಳಿಯದ ಕುಟುಂಬವನ್ನು ಅಷ್ಟು ದಿನ ಕಾಯದೆ ಇನ್ನೊಂದಕ್ಕೆ ಸೇರಿಸಿಬಿಡುವುದೇ ಲೇಸು.

ಹೊಲದವರೊಂದಿಗೆ ಮಾತಾಡುವಾಗ ಔಷಧಿಯ ಹೆಸರಿಗಿಂತ ಮೊದಲು ಹೊತ್ತಿನ ಬಗ್ಗೆ ಮಾತಾಡಿ. ಮೇಲೆ ಹೇಳಿದ 2004ರ ಪ್ರಯೋಗದಲ್ಲೇ ಇನ್ನೊಂದು ಭಾಗವಿತ್ತು: ಅಸಿಟಾಮಿಪ್ರಿಡ್ ಮತ್ತು ಟ್ರೈಫ್ಲುಮಿಜೋಲ್ ಎರಡನ್ನೂ ಶಿಫಾರಸಿನ ಗರಿಷ್ಠ ಪ್ರಮಾಣದಲ್ಲಿ ಬೆರೆಸಿ ಕುದುರೆಮೆಂತ್ಯೆ ಸೊಪ್ಪಿಗೆ ಸಿಂಪಡಿಸಿ, ಪಂಜರದಲ್ಲಿ ನೊಣಗಳನ್ನು ಅದರ ಜೊತೆ ಬಿಟ್ಟಾಗ ಸಾವು ಸಹಜ ಪ್ರಮಾಣವನ್ನು ಮೀರಲಿಲ್ಲ. ನೂರಾರು ಪಟ್ಟು ಏರುವ ಅದೇ ಬಗೆಯ ಜೋಡಿ, ಎಲೆಯ ಮೇಲಿನ ಉಳಿಕೆಯಾಗಿ ಮಾತ್ರ ತಗಲಿದಾಗ ಅಷ್ಟು ಕೆಡುಕು ಮಾಡಲಿಲ್ಲ. ನಿಮ್ಮ ಕಡೆಯ ಸಿಂಪರಣೆ ಹತ್ತು ಗಂಟೆಗೆ ನಡೆಯದೆ, ನೊಣಗಳೆಲ್ಲ ಗೂಡು ಸೇರಿದ ಮೇಲೆ ಮುಸ್ಸಂಜೆಗೆ ನಡೆದಿದ್ದರೆ ತೊಯ್ದು ಸಾಯುವ ನೊಣಗಳು ಇರುತ್ತಲೇ ಇರಲಿಲ್ಲ. ಅಜೋಲ್ ಮತ್ತು ಕೀಟನಾಶಕವನ್ನು ಒಂದೇ ಟ್ಯಾಂಕಿಗೆ ಹಾಕದೆ ಕೆಲವು ದಿನ ಬಿಟ್ಟು ಹೊಡೆಯಲು, ಹೂ ಬಿಟ್ಟಿರುವಾಗ ಕೀಟನಾಶಕವನ್ನು ಕೈಬಿಡಲು ಕೇಳಿಕೊಳ್ಳಿ. ಪೈರೆಥ್ರಾಯ್ಡ್ ಎಂಬ ಇನ್ನೊಂದು ಗುಂಪಿನ ಕೀಟನಾಶಕಗಳ ಜೊತೆಗೂ ಅಜೋಲ್ ಬೇಡ, ನೊಣ ಅವನ್ನು ಒಡೆಯುವುದರಲ್ಲೂ ಪಿ450ಗಳದೇ ದೊಡ್ಡ ಪಾತ್ರ.

ಮುಸ್ಸಂಜೆಯ ಉಪಾಯ ಎಲ್ಲ ಔಷಧಿಗೂ ಸಲ್ಲುವುದಿಲ್ಲ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದೊಳಗೆ ಹರಿದು ಮಕರಂದಕ್ಕೆ ಬರುತ್ತವೆ. ಕಿಲೋಗ್ರಾಂ ಮಕರಂದದಲ್ಲಿ 5 ಮೈಕ್ರೊಗ್ರಾಂ ಇದೆ ಎನ್ನಿ. ದುಡಿಯುವ ನೊಣ ದಿನಕ್ಕೆ 128 ಮಿಲಿಗ್ರಾಂವರೆಗೂ ಸಕ್ಕರೆ ಉರಿಸಬಲ್ಲದು, ಶೇ. 30ರಷ್ಟು ಸಕ್ಕರೆಯಿರುವ ಮಕರಂದವಾದರೆ ಅದಕ್ಕೆ 427 ಮಿಲಿಗ್ರಾಂ ಬೇಕು. ಅಷ್ಟರಲ್ಲಿ 2.1 ನ್ಯಾನೊಗ್ರಾಂ ಇಮಿಡಾಕ್ಲೋಪ್ರಿಡ್ ಒಳಹೋಗುತ್ತದೆ. ಕುಡಿಸಿದಾಗ ಅದರ ಮಾರಕ ಪ್ರಮಾಣ ಕೆಲವು ಪರೀಕ್ಷೆಗಳಲ್ಲಿ 4 ನ್ಯಾನೊಗ್ರಾಂನಷ್ಟು ಕಡಿಮೆ. ನೊಣಕ್ಕೆ ಅದರ ರುಚಿಯೂ ತಿಳಿಯದು. 2015ರಲ್ಲಿ ನಡೆದ ಪ್ರಯೋಗಗಳಲ್ಲಿ ಅವು ಬರಿಯ ಪಾಕಕ್ಕಿಂತ ಇಮಿಡಾಕ್ಲೋಪ್ರಿಡ್ ಬೆರೆತ ಪಾಕವನ್ನೇ ಹೆಚ್ಚು ಕುಡಿದವು. ಇಂಥ ಔಷಧಿಯನ್ನು ಹೂ ಬಿಡುವ ಮುನ್ನವೇ ಕೊಟ್ಟಿದ್ದರೂ ಅಪಾಯ ಉಳಿದೇ ಇರುತ್ತದೆ.

ಮುಂದಿನ ಸಿಂಪರಣೆಯ ಸುದ್ದಿ ಮೊದಲೇ ಸಿಕ್ಕರೆ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಮೂರು ನಾಲ್ಕು ಕಿಲೋಮೀಟರ್ ಆಚೆ ಸಾಗಿಸಿ. ಅದಾಗದಿದ್ದರೆ ರಾತ್ರಿ ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿ, ಆಗಾಗ ನೀರು ಚಿಮುಕಿಸುತ್ತಾ ಮರುದಿನದ ಸಂಜೆಯವರೆಗೆ ಮಾತ್ರ ಮುಚ್ಚಿಡಿ. ಬಿಸಿಲಿನಲ್ಲಿ ಗಾಳಿಯಿಲ್ಲದೆ ಮುಚ್ಚಿದರೆ ವಿಷಕ್ಕಿಂತ ಬೇಗ ಸೆಕೆಯೇ ಕೊಲ್ಲುತ್ತದೆ. ಟ್ಯಾಂಕನ್ನು ಮೂರು ಸಲ ತೊಳೆಯಲು ಹೇಳಿ. ತೊಳೆದ ನೀರನ್ನು ಕಾಲುವೆ, ಗುಂಡಿಗಳಿಗೆ ಚೆಲ್ಲಬಾರದು, ನೀರು ತರುವ ನೊಣಗಳು ಮೊದಲು ಇಳಿಯುವುದೇ ಅಂಥ ಕಡೆ.